ದಿನಸಿ ಬಜೆಟ್: ಹಣಕ್ಕಿಂತ ಮೊದಲು ತೂಕದ ಲೆಕ್ಕವಿರಲಿ

ಮಾನ್ಯ ಸಂಪಾದಕರೇ,

ದಿನಸಿ ಬೆಲೆ ಏರಿದಾಗಲೆಲ್ಲ ಪತ್ರಿಕೆಗಳಲ್ಲಿ ಎರಡು ಬಗೆಯ ಬರಹಗಳು ಕಾಣಿಸಿಕೊಳ್ಳುತ್ತವೆ. ಒಂದು, ಯಾವ ವಸ್ತು ಎಷ್ಟು ತುಟ್ಟಿಯಾಯಿತು ಎಂಬ ವರದಿ. ಇನ್ನೊಂದು, ಮನೆಖರ್ಚನ್ನು ಹಿಡಿತದಲ್ಲಿಡಲು ಏನು ಮಾಡಬೇಕು ಎಂಬ ಸಲಹೆಗಳು. ಎರಡೂ ಬೇಕಾದವೇ. ಆದರೆ ಸಲಹೆಗಳಲ್ಲಿ ಬಹುಪಾಲು ‘ತಿಂಗಳಿಗೆ ಇಷ್ಟು ಹಣ ಎಂದು ಗೊತ್ತುಮಾಡಿಕೊಳ್ಳಿ, ಅದನ್ನು ಮೀರಬೇಡಿ’ ಎಂಬಲ್ಲಿಂದಲೇ ಶುರುವಾಗುತ್ತವೆ. ಅನೇಕ ಮನೆಗಳ ಬಜೆಟ್ಟು ತಿಂಗಳು ಮುಗಿಯುವ ಮೊದಲೇ ಕೈಕೊಡುವುದಕ್ಕೆ ಈ ಆರಂಭವೇ ಕಾರಣವೆಂದು ನನ್ನ ಅಭಿಪ್ರಾಯ. ಮೊತ್ತವನ್ನು ಮೊದಲು ನಿಶ್ಚಯಿಸಿ ಆಮೇಲೆ ಅಡುಗೆಮನೆಯನ್ನು ಅದಕ್ಕೆ ಒಗ್ಗಿಸಲು ಹೆಣಗುವುದಕ್ಕಿಂತ, ಮನೆಗೆ ನಿಜವಾಗಿ ಯಾವುದು ಎಷ್ಟು ಕಿಲೋ, ಎಷ್ಟು ಲೀಟರ್ ಬೇಕೆಂಬುದನ್ನು ಮೊದಲು ಕಂಡುಕೊಂಡು, ಅದಕ್ಕೆ ಆಯಾ ತಿಂಗಳ ಬೆಲೆಯನ್ನು ಕಟ್ಟುವುದೇ ಸರಿಯಾದ ಕ್ರಮ ಎಂಬುದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಬೆಲೆ ನಮ್ಮ ಹತೋಟಿಯಲ್ಲಿಲ್ಲ. ಮಳೆ, ಬೆಳೆ, ಸಾಗಣೆ, ಇಂಧನ, ಯುದ್ಧ, ತೆರಿಗೆ ಎಲ್ಲವೂ ಅದನ್ನು ಏರಿಳಿಸುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರಕಟಿಸುವ ಜಾಗತಿಕ ಆಹಾರ ಬೆಲೆ ಸೂಚ್ಯಂಕವು 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧ ಆರಂಭವಾದ ಬೆನ್ನಿಗೇ, ಅಲ್ಲಿಯವರೆಗಿನ ಅತಿ ಎತ್ತರಕ್ಕೆ ಏರಿತ್ತು. ಯಾವ ಮನೆಯ ಲೆಕ್ಕದ ಪುಸ್ತಕವೂ ಅದನ್ನು ಮುಂಗಾಣಲು ಸಾಧ್ಯವಿರಲಿಲ್ಲ. ಆದರೆ ಅದೇ ತಿಂಗಳಲ್ಲಿ ಒಂದು ಕುಟುಂಬಕ್ಕೆ ಬೇಕಾದ ಧಾನ್ಯದ ಪ್ರಮಾಣ, ಎಣ್ಣೆಯ ಪ್ರಮಾಣ, ಉಪ್ಪಿನ ಪ್ರಮಾಣ ಹಿಂದಿನ ತಿಂಗಳಿಗಿಂತ ಹೆಚ್ಚೇನೂ ಬದಲಾಗಿರಲಿಲ್ಲ. ಮನೆಯಲ್ಲಿ ಉಣ್ಣುವವರ ಸಂಖ್ಯೆ ಬದಲಾಗದಿದ್ದರೆ ಪ್ರಮಾಣವೂ ಸಾಮಾನ್ಯವಾಗಿ ಒಂದು ಮಿತಿಯೊಳಗೇ ಇರುತ್ತದೆ. ಇಷ್ಟು ಸ್ಥಿರವಾಗಿರುವ ಸಂಗತಿಯನ್ನು ಬಿಟ್ಟು, ಗಳಿಗೆಗೊಮ್ಮೆ ಬದಲಾಗುವ ಮೊತ್ತದ ಮೇಲೆ ಯೋಜನೆ ಕಟ್ಟಿದರೆ ಅದು ನಿಲ್ಲುವುದಾದರೂ ಹೇಗೆ?

ಪ್ರಮಾಣದ ಲೆಕ್ಕವಿಲ್ಲದ ಮನೆಯಲ್ಲಿ ಇನ್ನೂ ಒಂದು ತೊಂದರೆಯಿದೆ. ಈ ತಿಂಗಳ ಬಿಲ್ಲು ಕಳೆದ ತಿಂಗಳಿಗಿಂತ ಹೆಚ್ಚಾಗಿದ್ದರೆ, ಅದಕ್ಕೆ ಬೆಲೆ ಏರಿದ್ದು ಕಾರಣವೋ, ಬಳಕೆ ಹೆಚ್ಚಿದ್ದು ಕಾರಣವೋ, ಮುಂದಿನ ತಿಂಗಳಿಗೆ ಆಗಿ ಉಳಿಯುವಷ್ಟು ಸಾಮಾನು ಈಗಲೇ ಬಂದು ಕೂತದ್ದು ಕಾರಣವೋ ತಿಳಿಯುವುದಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಬೆಲೆ ಏರಿದ್ದರೆ ಬದಲಿ ವಸ್ತುವನ್ನು ಹುಡುಕಬೇಕು. ಬಳಕೆ ಹೆಚ್ಚಿದ್ದರೆ ಅದು ಏಕೆಂದು ನೋಡಬೇಕು. ದಾಸ್ತಾನು ಹೆಚ್ಚಿದ್ದರೆ ಮುಂದಿನ ತಿಂಗಳು ಆ ವಸ್ತುವನ್ನು ಕೊಳ್ಳದಿದ್ದರೆ ಸಾಕು. ಕಾರಣ ತಿಳಿಯದೆ ‘ಈ ಸಲ ಖರ್ಚು ಜಾಸ್ತಿಯಾಯಿತು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡೋಣ’ ಎಂದು ಹೊರಟರೆ ಮೊದಲು ಕತ್ತರಿ ಬೀಳುವುದು ಹಣ್ಣು, ತರಕಾರಿ, ಹಾಲುಗಳಿಗೆ, ಎಂದರೆ ಮನೆಯವರ ಆರೋಗ್ಯಕ್ಕೆ.

ಲೆಕ್ಕದ ವಿಧಾನ ಕಠಿಣವಾದುದಲ್ಲ. ಅಂಗಡಿಯವರು ತಲೆಮಾರುಗಳಿಂದ ಮಾಡುತ್ತ ಬಂದಿರುವುದೇ. ತಿಂಗಳ ಮೊದಲ ದಿನ ಮನೆಯಲ್ಲಿ ಇದ್ದ ದಾಸ್ತಾನಿಗೆ ಆ ತಿಂಗಳು ಕೊಂಡದ್ದನ್ನು ಕೂಡಿಸಿ, ಕೊನೆಯ ದಿನ ಉಳಿದದ್ದನ್ನು ಕಳೆದರೆ ಸಿಗುವುದು ಆ ತಿಂಗಳ ನಿಜವಾದ ಬಳಕೆ. ಕೇವಲ ರಸೀದಿಗಳನ್ನು ಕೂಡಿಸುವವರಿಗೆ ಈ ಸಂಖ್ಯೆ ಎಂದಿಗೂ ಸಿಗುವುದಿಲ್ಲ, ಏಕೆಂದರೆ ರಸೀದಿ ಹೇಳುವುದು ಮನೆಯೊಳಗೆ ಬಂದದ್ದನ್ನು ಮಾತ್ರ. ಡಬ್ಬಿ ಡಬ್ಬಿಯನ್ನೂ ತೂಗುವಷ್ಟು ವ್ಯವಧಾನ ಇಲ್ಲದವರು ಇನ್ನೂ ಸುಲಭವಾದ ದಾರಿ ಹಿಡಿಯಬಹುದು: ಪ್ಯಾಕೆಟ್ಟನ್ನು ಒಡೆದ ದಿನ ಅದರ ಮೇಲೆಯೇ ತಾರೀಖು ಬರೆದಿಡುವುದು, ಮುಗಿದ ದಿನ ಎರಡು ತಾರೀಖುಗಳ ನಡುವಿನ ದಿನಗಳನ್ನು ಎಣಿಸುವುದು. ಒಂದು ಲೀಟರ್ ಎಣ್ಣೆ 12 ದಿನ ಬಂದರೆ 30 ದಿನಕ್ಕೆ ಎರಡೂವರೆ ಲೀಟರ್ ಬೇಕು ಎಂಬುದು ಬಾಯಿಲೆಕ್ಕದಲ್ಲೇ ತಿಳಿಯುತ್ತದೆ. ಎರಡು ಮೂರು ತಿಂಗಳು ಹೀಗೆ ಬರೆದಿಟ್ಟರೆ ಮನೆಯ ಮುಖ್ಯ ವಸ್ತುಗಳ ಪಟ್ಟಿಯ ಮುಂದೆ ನಂಬಬಹುದಾದ ಪ್ರಮಾಣಗಳು ಬಂದು ನಿಲ್ಲುತ್ತವೆ. ಆಮೇಲೆ ಬಜೆಟ್ ಮಾಡುವುದೆಂದರೆ ಗುಣಾಕಾರ, ಕೂಡುವಿಕೆಗಳಷ್ಟೇ.

ಎಲ್ಲ ವಸ್ತುಗಳಿಗೂ ಈ ಶಿಸ್ತು ಬೇಕಾಗಿಲ್ಲ. ಮನೆಯ ದಿನಸಿ ಖರ್ಚಿನ ದೊಡ್ಡ ಭಾಗ ಕೆಲವೇ ವಸ್ತುಗಳಿಗೆ ಹೋಗುತ್ತದೆ. ಅವನ್ನು ಗುರುತಿಸಿ ಅಷ್ಟನ್ನೇ ಅಳೆದರೂ ಸಾಕು. ವರ್ಷಕ್ಕೊಮ್ಮೆ ಕೊಳ್ಳುವ ಮಸಾಲೆ ಪದಾರ್ಥದ ಗ್ರಾಂ ಲೆಕ್ಕ ಹಾಕುತ್ತ ಕೂತು ಪ್ರತಿದಿನ ಬರುವ ಹಾಲಿನ ಲೆಕ್ಕ ಬಿಡುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಕ್ಯಾಲೆಂಡರಿನ ಮಾತೊಂದನ್ನು ಹೇಳಬೇಕು, ಏಕೆಂದರೆ ಬಹಳ ಬಜೆಟ್ಟುಗಳು ಸದ್ದಿಲ್ಲದೆ ತಪ್ಪುವುದು ಇಲ್ಲಿಯೇ. ವಾರಕ್ಕೆ ಇಷ್ಟು ಎಂದು ನಿಗದಿಮಾಡಿ, ಅದನ್ನು 4ರಿಂದ ಗುಣಿಸಿ ತಿಂಗಳ ಖರ್ಚೆಂದು ಬರೆದುಕೊಳ್ಳುವವರು 12 ತಿಂಗಳಿಗೆ 48 ವಾರಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಂತಾಯಿತು. ವರ್ಷದಲ್ಲಿರುವುದು 52 ವಾರ. ಉಳಿದ 4 ವಾರಗಳ ಊಟದ ಖರ್ಚು ಯೋಜನೆಯಲ್ಲಿ ಎಲ್ಲಿಯೂ ಇಲ್ಲ; ಅದು ಅಲ್ಲಲ್ಲಿ ಕೊರತೆಯಾಗಿ ತಲೆದೋರುತ್ತದೆ, ಮನೆ ನಡೆಸುವವರು ಅದನ್ನು ತಮ್ಮ ಕೈಬಿಗಿ ಸಾಲದೆಂದು ಭಾವಿಸಿ ನೊಂದುಕೊಳ್ಳುತ್ತಾರೆ. ಹಾಗೆಯೇ 28 ದಿನಗಳ ಫೆಬ್ರುವರಿಗಿಂತ 31 ದಿನಗಳ ತಿಂಗಳಿಗೆ ಸುಮಾರು ಶೇ 11ರಷ್ಟು ಹೆಚ್ಚು ಸಾಮಾನು ಬೇಕು. ಎಲ್ಲ ತಿಂಗಳಿಗೂ ಒಂದೇ ಮೊತ್ತ ಇಡುವವರು ಈ ವ್ಯತ್ಯಾಸವನ್ನು ಯಾರ ಮೇಲೆ ಹೊರಿಸುತ್ತಾರೆ? ದಿನವೊಂದರ ಬಳಕೆಯನ್ನು ಮೂಲ ಅಳತೆಯಾಗಿ ಇಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ. ಅತಿಥಿಗಳು ಬರುವ ದಿನಗಳು, ಮಕ್ಕಳು ರಜೆಯಲ್ಲಿ ಮನೆಯಲ್ಲೇ ಉಳಿಯುವ ವಾರಗಳು ಮೊದಲೇ ತಿಳಿದಿರುವಂಥವು. ಅವುಗಳಿಗೆ ಬೇಕಾದ ಹೆಚ್ಚಿನ ಪ್ರಮಾಣವನ್ನು ಪ್ರತ್ಯೇಕವಾಗಿ ಬರೆದಿಡುವುದು ಲೇಸು.

ಇನ್ನು ವ್ಯರ್ಥವಾಗುವ ಆಹಾರದ ವಿಷಯ. ದಿನಸಿ ಬಜೆಟ್ಟಿನ ಬಗ್ಗೆ ಮಾತನಾಡುವವರು ಬೆಲೆಯ ಕುರಿತು ಹೇಳಿದಷ್ಟನ್ನು ಇದರ ಕುರಿತು ಹೇಳುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಮನೆಗಳು, ಹೋಟೆಲುಗಳು ಮತ್ತು ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಮನೆಗಳದ್ದೇ. ತಲೆಗೆ ವರ್ಷಕ್ಕೆ ಸರಾಸರಿ 79 ಕಿಲೋ. ಸಿಪ್ಪೆ, ಮೂಳೆಗಳಂಥ ತಿನ್ನಲಾಗದ ಭಾಗಗಳೂ ಈ ಅಂಕಿಯಲ್ಲಿ ಸೇರಿವೆ, ನಿಜ. ಹಾಗಿದ್ದರೂ ಅಷ್ಟು ದೊಡ್ಡ ಪಾಲು ಮನೆಗಳಿಂದಲೇ ಹೋಗುತ್ತಿದೆ ಎಂಬುದು ಯೋಚಿಸಬೇಕಾದ ವಿಚಾರ. ಶ್ರೀಮಂತ ದೇಶಗಳಲ್ಲಿ ಮಾತ್ರ ಹೀಗೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ: ವರಮಾನದಲ್ಲಿ ಬಹಳ ಅಂತರವಿರುವ ದೇಶಗಳ ನಡುವೆಯೂ ಮನೆಗಳಲ್ಲಿ ತಲಾ ವ್ಯರ್ಥವಾಗುವ ಪ್ರಮಾಣದಲ್ಲಿ ಅಂಥ ಅಂತರವಿಲ್ಲವೆಂದು ಅದೇ ವರದಿ ಹೇಳಿದೆ.

ಇದು ಹಣದ ಲೆಕ್ಕಕ್ಕೆ ಹೇಗೆ ಬರುತ್ತದೆಂದು ನೋಡಿ. ಕೊಂಡದ್ದರಲ್ಲಿ ಐದನೆಯ ಒಂದು ಭಾಗ ಹಾಳಾಗಿ ಹೋದರೆ, ಉಳಿದ ನಾಲ್ಕು ಭಾಗಕ್ಕೆ ನಾವು ಐದು ಭಾಗದ ದುಡ್ಡು ತೆತ್ತಂತಾಯಿತು. ಎಂದರೆ ತಿಂದ ಆಹಾರಕ್ಕೆ ಅಂಗಡಿಯ ಬೆಲೆಗಿಂತ ಶೇ 25ರಷ್ಟು ಹೆಚ್ಚು ಬೆಲೆ ಕೊಟ್ಟಿದ್ದೇವೆ. ಮಾರುಕಟ್ಟೆಯಲ್ಲಿ ಒಂದೇ ಸಲಕ್ಕೆ ಶೇ 25ರಷ್ಟು ಬೆಲೆ ಏರಿದರೆ ಅದು ಮುಖಪುಟದ ಸುದ್ದಿಯಾಗುತ್ತದೆ. ಮನೆಯೊಳಗೆ ನಡೆಯುವ ಇಂಥದೇ ಏರಿಕೆಗೆ ವರದಿಗಾರರಿಲ್ಲ. ಆದ್ದರಿಂದ ಲೆಕ್ಕದ ಪುಸ್ತಕದಲ್ಲಿ ‘ಎಸೆದದ್ದು’ ಎಂಬ ಒಂದು ಅಂಕಣ ಇರಲೇಬೇಕು. ಏನನ್ನು ಎಸೆದೆವು, ಎಷ್ಟು, ಯಾಕೆ ಎಂದು ಬರೆಯುತ್ತ ಹೋದರೆ, ಬಹಳ ಮಟ್ಟಿಗೆ ಅದೇ ಎರಡು ಮೂರು ವಸ್ತುಗಳು ಪದೇ ಪದೇ ಬರುವುದು ಕಾಣುತ್ತದೆ. ಸೊಪ್ಪು, ಹಣ್ಣುಗಳನ್ನು ಒಮ್ಮೆಗೇ ಹೆಚ್ಚು ತಂದದ್ದು, ನಿನ್ನೆಯ ಅಡುಗೆಯನ್ನು ಫ್ರಿಜ್ಜಿನ ಹಿಂಬದಿಯಲ್ಲಿ ಇಟ್ಟು ಮರೆತದ್ದು, ರುಚಿ ನೋಡೋಣವೆಂದು ತಂದ ದೊಡ್ಡ ಪ್ಯಾಕೆಟ್ಟು ಯಾರಿಗೂ ಒಗ್ಗದೆ ಉಳಿದದ್ದು: ಸಾಮಾನ್ಯವಾಗಿ ಕಾರಣಗಳು ಇಷ್ಟೇ.

ಅವಧಿಯ ದಿನಾಂಕವನ್ನು ತಪ್ಪಾಗಿ ಓದುವುದರಿಂದಲೂ ಒಳ್ಳೆಯ ಆಹಾರ ಕಸಕ್ಕೆ ಹೋಗುತ್ತದೆ. ‘ಈ ದಿನಾಂಕದೊಳಗೆ ಬಳಸಿದರೆ ಉತ್ತಮ’ ಎಂಬ ಸೂಚನೆ ಗುಣಮಟ್ಟಕ್ಕೆ ಸಂಬಂಧಿಸಿದ್ದು. ಮುಚ್ಚಿದ ಪ್ಯಾಕೆಟ್ಟನ್ನು ಹೇಳಿದ ರೀತಿಯಲ್ಲಿ ಇಟ್ಟಿದ್ದರೆ ಆ ದಿನ ಕಳೆದ ಮಾತ್ರಕ್ಕೆ ಒಣಪದಾರ್ಥ ಅಪಾಯಕಾರಿಯಾಗುವುದಿಲ್ಲ, ರುಚಿ ಪರಿಮಳಗಳು ತುಸು ಕುಂದಬಹುದು. ‘ಈ ದಿನಾಂಕದ ನಂತರ ಬಳಸಬಾರದು’ ಎಂಬುದು ಸುರಕ್ಷತೆಗೆ ಸಂಬಂಧಿಸಿದ್ದು. ಬೇಗ ಕೆಡುವ ವಸ್ತುಗಳ ಮೇಲಿನ ಈ ಸೂಚನೆಯನ್ನು ಉಳಿತಾಯದ ಆಸೆಗೆ ಎಂದೂ ಮೀರಬಾರದು. ಫ್ರಿಜ್ಜಿನ ಒಳಗಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಳ್ಳುವುದು, ಹಳೆಯದನ್ನು ಮುಂದೆ ಹೊಸದನ್ನು ಹಿಂದೆ ಇಡುವುದು ಇವಕ್ಕೆ ಖರ್ಚೇ ಇಲ್ಲ.

ಅಂಗಡಿಯ ವಿಷಯಕ್ಕೆ ಬಂದರೆ, ಪ್ಯಾಕೆಟ್ಟಿನ ಬೆಲೆಯನ್ನು ಬಿಟ್ಟು ಕಿಲೋ ಅಥವಾ ಲೀಟರಿನ ದರವನ್ನು ನೋಡುವ ರೂಢಿಯೊಂದನ್ನು ಬೆಳೆಸಿಕೊಂಡರೆ ಅರ್ಧ ಗೊಂದಲ ತೀರುತ್ತದೆ. ಇದೂ ಪ್ರಮಾಣದ ಲೆಕ್ಕದ ಮುಂದುವರಿಕೆಯೇ. ಬೆಲೆಯನ್ನು ಹಾಗೆಯೇ ಇಟ್ಟು 500 ಗ್ರಾಂನ ಪೊಟ್ಟಣವನ್ನು 450 ಗ್ರಾಂಗೆ ಇಳಿಸಿದರೆ ಗ್ರಾಹಕನಿಗೆ ಬೀಳುವ ಏರಿಕೆ ಶೇ 10 ಅಲ್ಲ, ಶೇ 11ಕ್ಕೂ ತುಸು ಹೆಚ್ಚು. ಆದರೆ ಹೊದಿಕೆಯ ಬಣ್ಣ, ಅಕ್ಷರ, ಬೆಲೆ ಎಲ್ಲವೂ ಮೊದಲಿನಂತೆಯೇ ಇರುವುದರಿಂದ ಏನೋ ಬೇಗ ಮುಗಿಯುತ್ತಿದೆ ಎಂಬ ಅನುಮಾನವಷ್ಟೇ ಮನೆಯಲ್ಲಿ ಉಳಿಯುತ್ತದೆ. ಒಡೆದ ತಾರೀಖನ್ನು ಬರೆದಿಡುವವರಿಗೆ ಈ ಬದಲಾವಣೆ ಮೊದಲ ತಿಂಗಳಲ್ಲೇ ಸಿಕ್ಕಿಬೀಳುತ್ತದೆ. ‘ಶೇ 20ರಷ್ಟು ಹೆಚ್ಚು ಉಚಿತ’ ಎಂಬ ಬರಹ ಕೊಡುವ ನಿಜವಾದ ರಿಯಾಯಿತಿ ಶೇ 17ಕ್ಕಿಂತ ಕಡಿಮೆ. ‘ಎರಡನೆಯದಕ್ಕೆ ಅರ್ಧ ಬೆಲೆ’ ಎಂದರೆ ಒಟ್ಟಿನ ಮೇಲೆ ಶೇ 25 ಮಾತ್ರ ಕಡಿತ, ಅದೂ ಎರಡನೆಯದು ನಮಗೆ ಬೇಕಾಗಿದ್ದರೆ. ಎರಡು ಕೊಂಡರೆ ಒಂದು ಉಚಿತ ಎಂಬಲ್ಲಿ ಮೂರನೆಯದು ಕೆಟ್ಟುಹೋದರೆ ಉಳಿತಾಯ ಸೊನ್ನೆ. ಎರಡನೆಯದೂ ಬೇಡವಾಗಿದ್ದರೆ ನಷ್ಟವೇ. ಎಣ್ಣೆಯನ್ನು ಕೆಲವರು ಲೀಟರಿನಲ್ಲಿ, ಕೆಲವರು ಕಿಲೋದಲ್ಲಿ ಮಾರುತ್ತಾರೆ: ಅಡುಗೆ ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910ರಿಂದ 920 ಗ್ರಾಂ. ಹಾಗಾಗಿ ಒಂದು ಲೀಟರಿನ ಪ್ಯಾಕೆಟ್ಟಿಗೂ ಒಂದು ಕಿಲೋದ ಡಬ್ಬಿಗೂ ಒಂದೇ ಬೆಲೆ ಇದ್ದರೆ ಕಿಲೋದ ಡಬ್ಬಿಯೇ ಅಗ್ಗ.

ದೊಡ್ಡ ಪ್ಯಾಕೆಟ್ಟು ಯಾವಾಗಲೂ ಅಗ್ಗ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಿಲೋ ದರದಲ್ಲಿ ಅದು ಅನೇಕ ವೇಳೆ ಅಗ್ಗವಿರುತ್ತದೆ, ಕೆಲವು ವೇಳೆ ಇರುವುದಿಲ್ಲ; ಇದ್ದರೂ ಮೂರು ತಿಂಗಳಿಗಾಗುವಷ್ಟು ಸಾಮಾನು ಕಪಾಟಿನಲ್ಲಿ ಕೂತಿದ್ದರೆ ಅಷ್ಟು ಹಣ ಅಲ್ಲಿ ಸಿಕ್ಕಿಕೊಂಡಿದೆ ಎಂದೇ ಅರ್ಥ. ಮನೆಯಲ್ಲಿ ತುಂಬಿಕೊಂಡಿರುವ ವಸ್ತುವನ್ನು ಕೈಬಿಚ್ಚಿ ಬಳಸುವುದು ಕೂಡ ಮನುಷ್ಯಸಹಜ. ಹಾಳಾಗದ, ಬಳಕೆಯ ಪ್ರಮಾಣ ಖಚಿತವಾಗಿ ಗೊತ್ತಿರುವ ವಸ್ತುಗಳಿಗೆ ಮಾತ್ರ ಈ ದಾರಿ ಒಳ್ಳೆಯದು. ಮೊಬೈಲಿನಲ್ಲಿ ಆಗಾಗ ಒಂದೆರಡು ವಸ್ತು ತರಿಸುವವರೂ ಒಂದನ್ನು ಗಮನಿಸಬೇಕು: ಸಾಗಣೆ ಶುಲ್ಕ ತಪ್ಪಿಸಲು ಬೇಡದ ವಸ್ತುವೊಂದನ್ನು ಬುಟ್ಟಿಗೆ ಸೇರಿಸಿದರೆ ಆ ವಸ್ತುವಿನ ಬೆಲೆ ಶುಲ್ಕಕ್ಕಿಂತ ಹೆಚ್ಚಿದೆಯೇ ಎಂದು ನೋಡಿಕೊಳ್ಳಬೇಕು. ಬಹುತೇಕ ಹೆಚ್ಚೇ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಈ ಸಲಹೆಗಳು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು. ಜರ್ಮನಿಯ ಅಂಕಿಅಂಶ ತಜ್ಞ ಅರ್ನ್ಸ್ಟ್ ಎಂಗೆಲ್ ಅವರು ಬೆಲ್ಜಿಯಂನ ದುಡಿಯುವ ಕುಟುಂಬಗಳ ಖರ್ಚಿನ ವಿವರಗಳನ್ನು ಪರಿಶೀಲಿಸಿ, 1857ರಲ್ಲಿ ಒಂದು ನಿಯಮವನ್ನು ಮುಂದಿಟ್ಟರು: ಕುಟುಂಬ ಬಡವಾದಷ್ಟೂ ಅದರ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಹೆಚ್ಚು. ದೇಶ ಕಾಲಗಳು ಬದಲಾದರೂ ಈ ಮಾತು ಇಂದಿಗೂ ನಿಲ್ಲುತ್ತದೆ. ಆದ್ದರಿಂದ ‘ವರಮಾನದಲ್ಲಿ ಇಷ್ಟೇ ಶೇಕಡಾ ದಿನಸಿಗೆ ಖರ್ಚು ಮಾಡಿ’ ಎಂದು ಎಲ್ಲರಿಗೂ ಒಂದೇ ಅಳತೆಗೋಲು ಕೊಡುವ ಬರಹಗಳು ಕಡಿಮೆ ವರಮಾನದವರಿಗೆ ಸಾಧ್ಯವೇ ಇಲ್ಲದ ಗುರಿಯನ್ನು ತೋರಿಸಿ ಅವರನ್ನು ತಪ್ಪಿತಸ್ಥರನ್ನಾಗಿ ಮಾಡುತ್ತವೆ. ದಿನಗೂಲಿಯಲ್ಲಿ ಬದುಕುವವರು ಸಣ್ಣ ಪೊಟ್ಟಣಗಳನ್ನು ಕೊಳ್ಳುವುದು ಲೆಕ್ಕ ತಿಳಿಯದೆ ಅಲ್ಲ. ದೊಡ್ಡದಕ್ಕೆ ಬೇಕಾದ ಹಣ ಒಂದೇ ಸಲ ಕೈಯಲ್ಲಿ ಇರುವುದಿಲ್ಲ. ಅದೇ ವಸ್ತುವಿಗೆ ಅವರು ಹೆಚ್ಚು ದರ ತೆರುವುದು ನ್ಯಾಯವಲ್ಲ, ಅದಕ್ಕೆ ಅವರನ್ನು ದೂರುವುದಂತೂ ಇನ್ನೂ ಅನ್ಯಾಯ. ಅಂಥ ನಾಲ್ಕಾರು ಮನೆಯವರು ಕೂಡಿ ದೊಡ್ಡ ಚೀಲವೊಂದನ್ನು ಕೊಂಡು ತೂಕ ಮಾಡಿ ಹಂಚಿಕೊಳ್ಳುವುದು ನಾನು ಬಲ್ಲ ಉಪಾಯಗಳಲ್ಲಿ ಅತ್ಯಂತ ಒಳ್ಳೆಯದು.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುವಂಥದು. ಖರ್ಚು ಬಿಗಿ ಮಾಡಬೇಕಾದಾಗ ಅನೇಕ ಮನೆಗಳಲ್ಲಿ ಮೊದಲು ಕಡಿಮೆಯಾಗುವುದು ಅಡುಗೆ ಮಾಡುವವರ ಊಟ. ಎಲ್ಲರಿಗೂ ಬಡಿಸಿ, ಉಳಿದರೆ ತಾನು ಎಂದು ಕುಳಿತುಕೊಳ್ಳುವ ತಾಯಂದಿರ ಪಾಲು ಯಾವ ಬಜೆಟ್ಟಿನ ಅಂಕಣದಲ್ಲೂ ದಾಖಲಾಗುವುದಿಲ್ಲ. ಪ್ರಮಾಣದ ಲೆಕ್ಕವನ್ನು ನಾನು ಇಷ್ಟು ಹಟದಿಂದ ಹೇಳುವುದಕ್ಕೆ ಇದೂ ಒಂದು ಕಾರಣ: ಮನೆಯಲ್ಲಿ ಐದು ಜನರಿದ್ದರೆ ಐದು ಜನರ ಪ್ರಮಾಣವನ್ನು ಹೆಸರು ಹಿಡಿದು ಬರೆದಾಗ, ಒಬ್ಬರ ಪಾಲು ಸದ್ದಿಲ್ಲದೆ ಮಾಯವಾಗುವುದಕ್ಕೆ ಅವಕಾಶವಿರುವುದಿಲ್ಲ. ಲೆಕ್ಕ ಬರೆಯುವ ಕೆಲಸವೂ ಅಡುಗೆ ಮಾಡುವವರ ತಲೆಗೇ ಬೀಳಬಾರದು. ದಾಸ್ತಾನು ನೋಡುವುದು, ಚೀಟಿ ಬರೆಯುವುದು, ತಾರೀಖು ಗುರುತು ಹಾಕುವುದು ಮನೆಯಲ್ಲಿ ಅಕ್ಷರ ಬಲ್ಲ ಯಾರಾದರೂ ಮಾಡಬಹುದಾದ ಕೆಲಸ; ಮಕ್ಕಳಿಗೂ ಇದರಿಂದ ಶೇಕಡಾವಾರು, ಸರಾಸರಿಗಳ ಪಾಠ ತಾನಾಗಿ ಆಗುತ್ತದೆ.

ಕೊನೆಯದಾಗಿ ತಮ್ಮ ಪತ್ರಿಕೆಗೆ ನನ್ನ ಕೋರಿಕೆ. ಮನೆಯ ಲೆಕ್ಕಕ್ಕೂ ಪತ್ರಿಕೋದ್ಯಮಕ್ಕೂ ಹಳೆಯ ನಂಟಿದೆ: ಜಪಾನಿನಲ್ಲಿ ಗೃಹಿಣಿಯರಿಗಾಗಿ ಮನೆಖರ್ಚಿನ ಲೆಕ್ಕದ ಪುಸ್ತಕವನ್ನು 1904ರಲ್ಲಿ ರೂಪಿಸಿ ಪ್ರಕಟಿಸಿದ ಹಾನಿ ಮೊತೊಕೊ ಅವರು ಆ ದೇಶದ ಮೊದಲ ಪತ್ರಕರ್ತೆ ಎಂದು ಹೆಸರಾದವರು. ತಾವು ದಿನಸಿ ದರಗಳನ್ನು ಪ್ರಕಟಿಸುವಾಗ ಪ್ಯಾಕೆಟ್ಟಿನ ಬೆಲೆಯ ಜೊತೆಗೆ ಕಿಲೋ ಮತ್ತು ಲೀಟರಿನ ದರವನ್ನೂ, ಹಿಂದಿನ ವರ್ಷದ ಇದೇ ತಿಂಗಳ ದರವನ್ನೂ ಕೊಟ್ಟರೆ ಓದುಗರು ತಮ್ಮ ಮನೆಯ ಪ್ರಮಾಣದೊಂದಿಗೆ ಗುಣಿಸಿ ತಮಗೆ ಬಿದ್ದ ಹೊರೆಯನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು. ತೂಕ ಇಳಿಸಿ ಅದೇ ಬೆಲೆಗೆ ಮಾರುವ ಪದ್ಧತಿಯ ಮೇಲೂ ತಮ್ಮ ವರದಿಗಾರರ ಕಣ್ಣಿರಲಿ. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ, ಪ್ರಮಾಣ ಇಳಿದು ಕಿಲೋ ಅಥವಾ ಲೀಟರ್ ದರ ಏರಿದ ವಸ್ತುಗಳ ಬಳಿ ಆ ಸಂಗತಿಯನ್ನು ತಿಳಿಸುವ ಸೂಚನೆಯನ್ನು ದೊಡ್ಡ ಅಂಗಡಿಗಳು ಎರಡು ತಿಂಗಳ ಕಾಲ ಪ್ರದರ್ಶಿಸಲೇಬೇಕೆಂಬ ಕಟ್ಟಳೆ ಜಾರಿಗೆ ಬಂದಿದೆ. ಅಂಥ ಸೂಚನೆಗಳಿಲ್ಲದ ಕಡೆ ಆ ಕೆಲಸವನ್ನು ಪತ್ರಿಕೆ ಮಾಡಬಹುದು. ತೂಕ ಕಡಿಮೆಯಾದ ವಸ್ತುಗಳ ಹಳೆಯ ಮತ್ತು ಹೊಸ ಪ್ರಮಾಣವನ್ನು ತಿಂಗಳಿಗೊಮ್ಮೆ, ಸಣ್ಣ ಪೆಟ್ಟಿಗೆಯಲ್ಲಿ, ಬೆಲೆ ಏರಿಕೆಯ ವರದಿಯ ಪಕ್ಕದಲ್ಲೇ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಖಾಲಿಯಾದ ಪ್ಯಾಕೆಟ್ಟುಗಳ ಮೇಲಿನ ತೂಕವನ್ನು ನೋಡಿ ತಮಗೆ ಬರೆದು ಕಳಿಸಲು ನನ್ನಂಥ ಓದುಗರು ಸಿದ್ಧರಿದ್ದೇವೆ.

ವಂದನೆಗಳೊಂದಿಗೆ,
ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗರಲ್ಲೊಬ್ಬರು